ಓಡುತ್ತಿರುವ ಪ್ರೋಗ್ರಾಂನ ಸೋರ್ಸ್ ಯಾವುದು?

ನಮ್ಮ ತಂಡ ನೋಡಿಕೊಳ್ಳುವ ವಿಮಾ ಅಪ್ಲಿಕೇಶನ್‌ಗೆ ಯಾವ ವರ್ಷನ್ ಕಂಟ್ರೋಲ್ (ಸೋರ್ಸ್, ಅಂದರೆ ನಾವು ಬರೆದ ಮೂಲ ಕೋಡ್, ಅದರ ಬದಲಾವಣೆಗಳ ದಾಖಲೆ ಇಡುವ ಟೂಲ್) ತರಬೇಕು ಅನ್ನುವ ಚರ್ಚೆ ಈ ಮಳೆಗಾಲದಲ್ಲಿ ಕೊನೆಗೂ ಮುಗಿಯಿತು. ಕೋಬಾಲ್ ಭಾಷೆ, ಡಿಬಿ2 ಡೇಟಾಬೇಸ್, ಒಂದಿಷ್ಟು ಅಸೆಂಬ್ಲರ್. ನಾನು ಹುಟ್ಟುವ ಮೊದಲೇ ಬರೆದ ಪ್ರೋಗ್ರಾಂಗಳೂ ಅದರಲ್ಲಿವೆ. ಇವು ಓಡುವ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮ್, ಇರುವುದು ಸಮುದ್ರದಾಚೆ, ನಾನು ಕೆಲಸ ಮಾಡುವುದು ಸೋಮವಾರಪೇಟೆಯ ಮನೆಯಿಂದ. ಇದೇ ಕೆಲಸ ಮುಂದಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿಯವರೆಗೆ ನಮ್ಮಲ್ಲಿ ಟೂಲ್ ಅಂತ ಏನೂ ಇರಲಿಲ್ಲ. ಸೋರ್ಸ್ ಎಲ್ಲಾ ಪಿಡಿಎಸ್ ಲೈಬ್ರರಿಯಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪಿಡಿಎಸ್‌ನಲ್ಲಿ ಒಂದೊಂದು ಪ್ರೋಗ್ರಾಂ ಒಂದೊಂದು ಮೆಂಬರ್, ಫೋಲ್ಡರ್‌ನಲ್ಲಿ ಫೈಲ್ ಇದ್ದ ಹಾಗೆ. ಹೆಸರಿಗೆ 8 ಅಕ್ಷರ ಮಾತ್ರ. ಸೇವ್ ಮಾಡಿದರೆ ಹಳೆಯದು ಹೋಯಿತು. ಅದಕ್ಕೆ ಒಬ್ಬರು ಹೆಸರಿನ ಕೊನೆಗೆ ಎಕ್ಸ್ ಸೇರಿಸಿ ಕಾಪಿ ಇಟ್ಟಿದ್ದಾರೆ, ಇನ್ನೊಬ್ಬರು ‘ಓಲ್ಡ್’ ಅಂತ, ಮತ್ತೊಬ್ಬರು ‘ನ್ಯೂ’ ಅಂತ. ಆ ‘ನ್ಯೂ’ ಈಗ ಎಲ್ಲಕ್ಕಿಂತ ಹಳೆಯದು. ಐಎಸ್‌ಪಿಎಫ್ (ಮೇನ್‌ಫ್ರೇಮ್‌ನಲ್ಲಿ ನಾವು ಸೋರ್ಸ್ ತಿದ್ದುವ ಪರದೆ) ತೋರಿಸುವ ಬದಲಾವಣೆ ಸಂಖ್ಯೆಯನ್ನಾದರೂ ನಂಬೋಣ ಅಂದರೆ, ಅದು 99ಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ನಮ್ಮ ಮುಖ್ಯ ಪ್ರೋಗ್ರಾಂಗಳಲ್ಲಿ ಜಾಸ್ತಿ ಪಾಲು 01.99ರಲ್ಲೇ ನಿಂತಿವೆ.

ತಂಡದ ಚಿಕ್ಕ ಹುಡುಗ ಮೊದಲ ದಿನವೇ ಕೇಳಿದ: “ಅಕ್ಕಾ, ಗಿಟ್ ಹಾಕಿದ್ರೆ ಆಯ್ತಲ್ವಾ? ಎಲ್ಲರೂ ಅದನ್ನೇ ಬಳಸ್ತಾರೆ.” ಸದ್ಯದಲ್ಲೇ ನಿವೃತ್ತರಾಗಲಿರುವ ನಮ್ಮ ಹಿರಿಯರದ್ದು ಬೇರೆ ಮಾತು: “ಎಂಡೆವರ್ ತಗೊಳ್ಳಿ, ಇಲ್ಲಾ ಚೇಂಜ್‌ಮನ್. ಮೇನ್‌ಫ್ರೇಮ್‌ಗೆ ಅಂತಲೇ ಮಾಡಿದ್ದಮ್ಮ ಅವು.” ಇಬ್ಬರ ಮಾತಿನಲ್ಲೂ ಹುರುಳಿದೆ. ಅವರು ಹೇಳಿದ ಮೂರೂ ವರ್ಷನ್ ಕಂಟ್ರೋಲ್ ಟೂಲ್‌ಗಳೇ. ಆದರೆ ಇಬ್ಬರೂ ಟೂಲ್‌ನಿಂದ ಶುರು ಮಾಡಿದರು. ನನಗೆ ಮೊದಲು ಬೇಕಾಗಿದ್ದು ಒಂದೇ ಉತ್ತರ: ಇವತ್ತು ರಾತ್ರಿ ಬ್ಯಾಚ್‌ನಲ್ಲಿ (ಸಾಲಾಗಿ ತಾವೇ ಓಡುವ ಜಾಬ್‌ಗಳಲ್ಲಿ) ಓಡುವ ಲೋಡ್ ಮಾಡ್ಯೂಲ್ ಯಾವ ಸೋರ್ಸ್‌ನಿಂದ ಬಂತು? ಲೋಡ್ ಮಾಡ್ಯೂಲ್ ಅಂದರೆ ಸೋರ್ಸನ್ನು ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ, ಓಡಿಸಲು ಸಿದ್ಧ ಮಾಡಿದ ರೂಪ.

ಕಾಫಿ ಕ್ಯೂರಿಂಗ್ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಚೀಲದ ಮೇಲಿನ ಲಾಟ್ ನಂಬರ್ ಅಳಿಸಿಹೋದರೆ ಅದು ಯಾರ ತೋಟದ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ) ಅಂತ ಕಾಳು ನೋಡಿ ಯಾರೂ ಹೇಳಲಾರರು. ಲೋಡ್ ಮಾಡ್ಯೂಲ್ ಕಥೆಯೂ ಅದೇ. ಒಂದು ಸಮಾಧಾನ, ಕಂಪೈಲ್ ಆದ ದಿನ ಮತ್ತು ಕಂಪೈಲರ್ ಯಾವುದು ಅನ್ನುವುದು ಮಾಡ್ಯೂಲ್ ಒಳಗೇ ಇರುತ್ತದೆ. ಎಎಂಬಿಲಿಸ್ಟ್ ಅನ್ನುವ ಮೇನ್‌ಫ್ರೇಮ್ ಯುಟಿಲಿಟಿ ಓಡಿಸಿದರೆ ಕಾಣುತ್ತದೆ. ಆ ದಿನಾಂಕವನ್ನು ಮೆಂಬರ್‌ನ ಕೊನೆಯ ಬದಲಾವಣೆಯ ದಿನಾಂಕದ ಪಕ್ಕ ಇಟ್ಟು ಪಟ್ಟಿ ಮಾಡಿದೆವು. ಕಂಪೈಲ್ ಆದಮೇಲೆ ಮತ್ತೆ ತಿದ್ದಿದ ಸೋರ್ಸ್ ಎಷ್ಟೊಂದು ಸಿಕ್ಕವು! ಅಂಥದ್ದನ್ನು ಹಾಗೇ ಹೊಸ ಟೂಲ್‌ಗೆ ತುಂಬಿದರೆ ಗೊಂದಲಕ್ಕೆ ಸರ್ಟಿಫಿಕೇಟ್ ಕೊಟ್ಟ ಹಾಗೆ. ಟೂಲ್ ಖರೀದಿಗಿಂತ ಮೊದಲು ಈ ಪಟ್ಟಿ ಆಗಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಂಡೆವರ್‌ನ ದೊಡ್ಡ ಗುಣ ಇಲ್ಲೇ ಇದೆ. ಅದು ಸೋರ್ಸ್ ಇಟ್ಟುಕೊಳ್ಳುವುದು ಮಾತ್ರವಲ್ಲ, ಕಂಪೈಲನ್ನೂ ತಾನೇ ಮಾಡಿಸಿ, ಲೋಡ್ ಮಾಡ್ಯೂಲ್‌ಗೆ ಫುಟ್‌ಪ್ರಿಂಟ್ ಒತ್ತುತ್ತದೆ. ಯಾವ ಎಲಿಮೆಂಟ್ (ಎಂಡೆವರ್‌ನಲ್ಲಿ ಒಂದೊಂದು ಸೋರ್ಸ್‌ಗೆ ಈ ಹೆಸರು), ಯಾವ ವರ್ಷನ್ ಅನ್ನುವುದು ಅದರಲ್ಲಿ ಸಿಗುತ್ತದೆ. ಕಾಪಿಬುಕ್ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್ ತುಣುಕು) ತಿದ್ದಿದರೆ ಯಾವ ಯಾವ ಪ್ರೋಗ್ರಾಂ ಮತ್ತೆ ಕಂಪೈಲ್ ಆಗಬೇಕು ಅನ್ನುವುದೂ ಅದಕ್ಕೆ ಗೊತ್ತು. ಬರಿಯ ಗಿಟ್‌ಗೆ ಇದ್ಯಾವುದೂ ಗೊತ್ತಿಲ್ಲ. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅದನ್ನು ಬರೆದದ್ದು ಲಿನಕ್ಸ್ ಕರ್ನಲ್‌ಗೋಸ್ಕರ. ಅದರ ಕಣ್ಣಿಗೆ ಕಾಪಿಬುಕ್ ಇನ್ನೊಂದು ಫೈಲ್, ಅಷ್ಟೆ.

ಆದರೂ ಗಿಟ್ ಕಡೆ ನನ್ನ ಮನಸ್ಸು ವಾಲಲು ಕಾರಣ ನಮ್ಮೂರಿನ ಮಳೆ. ಜುಲೈನಲ್ಲಿ ಶಾಂತಳ್ಳಿ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್ ಕೂಡ ಹೋಗುತ್ತದೆ. ಆಗ ಟಿಎಸ್ಒ ಸೆಷನ್ (ಮೇನ್‌ಫ್ರೇಮ್‌ಗೆ ಲಾಗಿನ್ ಆಗಿ ಕೆಲಸ ಮಾಡುವ ಸಂಪರ್ಕ) ಅರ್ಧಕ್ಕೆ ಕಡಿದರೆ ನಾನು ಹೊರಗೆ, ನನ್ನ ಐಡಿ ಒಳಗೆ. ತೆರೆದಿಟ್ಟ ಮೆಂಬರ್ ನನ್ನ ಹೆಸರಿನಲ್ಲೇ ಲಾಕ್. ಇನ್ನೊಬ್ಬರು ತಿದ್ದಲು ಹೋದರೆ ‘ಇನ್ ಯೂಸ್’ ಅನ್ನುತ್ತದೆ. ಗಿಟ್‌ನಲ್ಲಿ ಪೂರ್ತಿ ಚರಿತ್ರೆ ನನ್ನ ಲ್ಯಾಪ್‌ಟಾಪ್‌ನಲ್ಲೇ ಇರುತ್ತದೆ. ನೆಟ್ ಇಲ್ಲದಿದ್ದರೂ ಓದಬಹುದು, ತಿದ್ದಬಹುದು, ಕಮಿಟ್ ಮಾಡಬಹುದು, ಅಂದರೆ ಬದಲಾವಣೆಯನ್ನು ಚರಿತ್ರೆಗೆ ಸೇರಿಸಬಹುದು. ಕಂಪೈಲ್ ಮಾತ್ರ ಲೈನ್ ಬಂದಮೇಲೆ. (ಸೋರ್ಸ್ ಲ್ಯಾಪ್‌ಟಾಪ್‌ಗೆ ಬರಬಹುದಾ ಅಂತ ಕ್ಲೈಂಟ್‌ನಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಇದು ಸಣ್ಣ ವಿಷಯ ಅಲ್ಲ.)

ಗಿಟ್‌ಗೆ ಗೊತ್ತಿಲ್ಲದ್ದನ್ನು ತುಂಬಿಕೊಡಲು ಐಬಿಎಂನ ಡಿಪೆಂಡೆನ್ಸಿ ಬೇಸ್ಡ್ ಬಿಲ್ಡ್ ಇದೆ, ಎಲ್ಲರೂ ಡಿಬಿಬಿ ಅನ್ನುತ್ತಾರೆ. ಅದು ಸೋರ್ಸ್ ಓದಿ, ಯಾವ ಪ್ರೋಗ್ರಾಂ ಯಾವ ಕಾಪಿಬುಕ್ ಬಳಸುತ್ತದೆ ಅಂತ ಲೆಕ್ಕ ಇಡುತ್ತದೆ. ನನಗೆ ನಿಜಕ್ಕೂ ಖುಷಿ ಕೊಟ್ಟದ್ದು ಇನ್ನೊಂದು. ಲೋಡ್ ಮಾಡ್ಯೂಲ್‌ಗೆ ಎಸ್‌ಎಸ್‌ಐ ಅನ್ನುವ 8 ಹೆಕ್ಸ್ (ಹದಿನಾರರ ಲೆಕ್ಕದ) ಅಂಕಿಯ ಒಂದು ಜಾಗ ಇದೆ. ಲಿಂಕ್ ಎಡಿಟ್ (ಕಂಪೈಲ್ ಆದದ್ದನ್ನು ಲೋಡ್ ಮಾಡ್ಯೂಲ್ ಆಗಿಸುವ ಹಂತ) ಹೊತ್ತಿನಲ್ಲಿ ಗಿಟ್ ಕಮಿಟ್‌ನ ಗುರುತಿನ ಮೊದಲ 8 ಅಂಕಿಯನ್ನು ಅಲ್ಲಿ ಬರೆಸಬಹುದು. ಅಂದರೆ ಓಡುತ್ತಿರುವ ಮಾಡ್ಯೂಲ್ ನೋಡಿ ಅದರ ಕಮಿಟ್ ಹಿಡಿಯಬಹುದು! ಹಿರಿಯರಿಗೆ ಇದನ್ನು ತೋರಿಸಿದ ಮೇಲೆ, “ಹಾಗಾದ್ರೆ ನನ್ನ ಅಡ್ಡಿ ಇಲ್ಲ” ಅಂದರು.

ಗಿಟ್ ಮತ್ತು ಡಿಬಿಬಿ ಅಂತ ನಿಶ್ಚಯವಾಯಿತು. ಎಂಡೆವರ್ ಈಗಾಗಲೇ ಇದ್ದು, ಚೆನ್ನಾಗಿ ನಡೆಯುತ್ತಿದ್ದಿದ್ದರೆ ನಾನು ಅದನ್ನು ಕಿತ್ತುಹಾಕಿ ಅಂತ ಖಂಡಿತ ಹೇಳುತ್ತಿರಲಿಲ್ಲ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಮೇನ್‌ಫ್ರೇಮ್‌ನಲ್ಲಿ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ ಎಬ್ಸಿಡಿಕ್, ಗಿಟ್‌ನಲ್ಲಿ ಯುಟಿಎಫ್-8. ಮಾಮೂಲಿ ಅಕ್ಷರಗಳು ಸರಿಯಾಗಿ ಹೋಗಿ ಸರಿಯಾಗಿ ಬರುತ್ತವೆ. ಆದರೆ ಹಳೆಯ ಪ್ರೋಗ್ರಾಂಗಳಲ್ಲಿ ಉದ್ಧರಣ ಚಿಹ್ನೆಗಳ ನಡುವೆ ಕಣ್ಣಿಗೆ ಕಾಣದ ಬೈಟ್‌ಗಳು ಕೂತಿರುತ್ತವೆ. ಹೆಕ್ಸ್ 15ರಂಥದ್ದೊಂದು ಸಿಕ್ಕರೆ, ಗಿಟ್‌ಗೆ ಹೋಗುವಾಗ ಅದನ್ನು ಸಾಲಿನ ಕೊನೆ ಅಂತ ತಿಳಿದು, ಒಂದು ಸಾಲು ಎರಡಾಗಿ ಒಡೆಯುತ್ತದೆ. ಇವನ್ನು ಮೊದಲೇ ಹುಡುಕಿ, ಆ ಬೈಟ್‌ಗಳನ್ನು ಹೆಕ್ಸ್ ರೂಪದಲ್ಲಿ ಬರೆದಿಡಬೇಕು. ಯಾವ ಫೈಲ್‌ಗೆ ಯಾವ ಕೋಡ್ ಪೇಜ್ (ಯಾವ ಅಕ್ಷರಕ್ಕೆ ಯಾವ ಬೈಟ್ ಅನ್ನುವ ಪಟ್ಟಿ) ಅನ್ನುವುದನ್ನೂ ಗಿಟ್‌ನ ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಮೊದಲ ದಿನವೇ ಹೇಳಿಬಿಡಿ.

ಡಿಬಿ2 ಇದ್ದರೆ ಬೈಂಡ್ (ಪ್ರೋಗ್ರಾಂನ ಎಸ್‌ಕ್ಯೂಎಲ್ ಅನ್ನು ಡಿಬಿ2ಗೆ ಒಪ್ಪಿಸುವ ಹಂತ) ಕೂಡ ಅದೇ ಬಿಲ್ಡ್‌ನಲ್ಲಿ ಸೇರಲಿ. ಲೋಡ್ ಒಂದು ಕಂಪೈಲ್‌ನದ್ದು, ಬೈಂಡ್‌ಗೆ ಕೊಡುವ ಡಿಬಿಆರ್‌ಎಂ ಇನ್ನೊಂದರದ್ದು ಆದರೆ ರಾತ್ರಿ -818 ಅನ್ನುವ ಡಿಬಿ2 ಎರರ್ ಬಂದು ಜಾಬ್ ನಿಲ್ಲುತ್ತದೆ.

ಯಾವ ಕಂಪನಿಯವರು ಡೆಮೊಗೆ ಬಂದರೂ ಅವರ ಸ್ಯಾಂಪಲ್ ಪ್ರೋಗ್ರಾಂ ನೋಡುತ್ತಾ ಕೂರಬೇಡಿ. ನಿಮ್ಮಲ್ಲಿರುವ ಅತಿ ತೊಡಕಿನದ್ದನ್ನು ಕೊಡಿ: ಕಾಣದ ಬೈಟ್ ಇರುವುದು, ಹತ್ತಾರು ಕಡೆ ಬಳಸುವ ಕಾಪಿಬುಕ್ ಇರುವುದು, ಸ್ಟ್ಯಾಟಿಕ್ ಕಾಲ್‌ನಿಂದ ಬೇರೆ ಮಾಡ್ಯೂಲ್‌ಗಳೊಳಗೆ ಸೇರಿಕೊಂಡಿರುವುದು. ಒಳಗೆ ಹಾಕಿ, ಮತ್ತೆ ಹೊರಗೆ ತೆಗೆದು, ಮೂಲದ ಜೊತೆ ಬೈಟ್‌ಗೆ ಬೈಟ್ ಹೋಲಿಸಿ ತೋರಿಸಲಿ. ಆಮೇಲೆ ಕಾಪಿಬುಕ್‌ನಲ್ಲಿ ಒಂದು ಸಾಲು ತಿದ್ದಿ, ಏನೇನು ಮತ್ತೆ ಬಿಲ್ಡ್ ಆಗಬೇಕು ಅನ್ನುವ ಪಟ್ಟಿ ಕೇಳಿ. ಬೆಲೆಯ ಮಾತು ಅದಾದ ಮೇಲೆ.