ಮೂರು ಪೆನ್ಸಿನ ಚಹಾ

12 ನವೆಂಬರ್ 2024, ಮಂಗಳವಾರ ರಾತ್ರಿ

ಊಟವಾದ ಮೇಲೆ ಪುಟ್ಟಿ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. “ಅಮ್ಮಾ, 1773ರ ಕಾಯ್ದೆಯಿಂದ ಅಮೆರಿಕದಲ್ಲಿ ಚಹಾ ಅಗ್ಗವೇ ಆಯಿತಂತೆ. ಮತ್ತೆ ಬಾಸ್ಟನ್ನಿನವರು ಅದನ್ನು ಸಮುದ್ರಕ್ಕೆ ಸುರಿದದ್ದೇಕೆ?”

ಬ್ರಿಟನ್ನಿನ ಸಂಸತ್ತಿನಲ್ಲಿ ಪ್ರಾತಿನಿಧ್ಯವಿಲ್ಲದೆ ಅದರ ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಕೂಡದೆಂಬ ಬಾಯಿಪಾಠದ ಉತ್ತರ ಕೊಟ್ಟೆ. “ಒಂದು ಪೌಂಡ್ ತೂಕದ ಚಹಾಕ್ಕೆ ಮೂರೇ ಪೆನ್ಸ್ ತೆರಿಗೆ ತಾನೆ?” ಎಂದಳು. ಆಗ 1765ರ ಛಾಪಾ ಕಾಯ್ದೆಗೆ ಹಿಂದಿರುಗಬೇಕಾಯಿತು. ಏಳು ವರ್ಷಗಳ ಯುದ್ಧದಿಂದ ಸಾಲದಲ್ಲಿ ಮುಳುಗಿದ್ದ ಬ್ರಿಟನ್ನು, ಅಮೆರಿಕದ ಕಾವಲಿನ ಸೈನ್ಯದ ಖರ್ಚಿಗೆಂದು ಅಲ್ಲಿನ ಉಯಿಲು, ಪರವಾನಗಿ, ವೃತ್ತಪತ್ರಿಕೆ, ಪಂಚಾಂಗಗಳಿಗೆಲ್ಲ ತೆರಿಗೆ ತೆತ್ತು ಪಡೆಯಬೇಕಾದ ಮುದ್ರೆಯನ್ನು ಕಡ್ಡಾಯ ಮಾಡಿತು; ಇಸ್ಪೀಟು ಕಟ್ಟಿಗೆ ಒಂದು ಶಿಲಿಂಗ್, ಜೋಡಿ ದಾಳಕ್ಕೆ ಹತ್ತು. ತಪ್ಪಿದವರನ್ನು ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯದಲ್ಲಿ ವಿಚಾರಿಸಬಹುದಿತ್ತು. ನನಗೆ ಹೆಚ್ಚು ಕಾಡುವುದು ಇದೇ. ಆ ಮುದ್ರೆ ಹೇಗಿತ್ತೆಂದು ತಿಳಿಯಲೆಂದು, ಕಪಾಟಿನಿಂದ ಹಳೆಯ ಅಫಿಡವಿಟ್ಟೊಂದನ್ನು ತೆಗೆದು, ನೋಟರಿ ಒತ್ತಿದ್ದ ಶಾಯಿಯಿಲ್ಲದ ಉಬ್ಬು ಗುರುತಿನ ಮೇಲೆ ಅವಳ ಬೆರಳಾಡಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಸವರಿದಳು.

ಪ್ರತಿಭಟನೆಗೆ ಮಣಿದು 1766ರ ಮಾರ್ಚ್ 18ರಂದು ಆ ಕಾಯ್ದೆಯನ್ನು ರದ್ದುಪಡಿಸಿದರು. ಅದೇ ದಿನ, ವಸಾಹತುಗಳಿಗೆ ಯಾವುದೇ ವಿಷಯದಲ್ಲಿ ಕಾನೂನು ಮಾಡುವ ಪೂರ್ಣ ಅಧಿಕಾರ ತಮಗಿದೆಯೆಂದು ಮತ್ತೊಂದು ಕಾಯ್ದೆಯಲ್ಲಿ ಘೋಷಿಸಿದರು. “ಅಂದರೆ ದುಡ್ಡು ಬಿಟ್ಟರು, ಹಕ್ಕು ಬಿಡಲಿಲ್ಲ,” ಎಂದಳು ಪುಟ್ಟಿ. ನಾನು ಇಷ್ಟು ವರ್ಷ ಓದಿಯೂ ಅದನ್ನು ಹೀಗೆ ಹೇಳಿಕೊಂಡಿರಲಿಲ್ಲ. 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಬಂತು. 1770ರಲ್ಲಿ ಚಹಾದ ಸುಂಕವೊಂದನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟರು. ಸಂಕಷ್ಟದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ನೇರವಾಗಿ ಅಮೆರಿಕಕ್ಕೆ ಚಹಾ ಕಳುಹಿಸಿ ಅಗ್ಗವಾಗಿ ಮಾರಲು 1773ರಲ್ಲಿ ಅನುಮತಿ ದೊರೆತಾಗ, ಒಂದು ಬಟ್ಟಲು ಕುಡಿದರೂ ಆ ಹಕ್ಕನ್ನು ಒಪ್ಪಿದಂತಾಗುತ್ತಿತ್ತು. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆಗಳು ನೀರಿಗೆ ಬಿದ್ದವು.

ಪುಟ್ಟಿ ಮಲಗಿದ್ದಾಳೆ. ನನಗೆ ನಿದ್ದೆಯಿಲ್ಲ. ಇದೇ ಕಂಪನಿಯ ಷೇರುಗಳು 1769ರಲ್ಲಿ ಲಂಡನ್ನಿನಲ್ಲಿ ಕುಸಿದದ್ದು ನಮ್ಮ ಹೈದರಾಲಿಯ ದಾಳಿಯ ಸುದ್ದಿ ಮುಟ್ಟಿದಾಗ. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಯುದ್ಧನೌಕೆಗೆ ಅವನದೇ ಹೆಸರಿತ್ತು. ಅಷ್ಟು ದೂರದ ಆ ಬಂದರಿನಲ್ಲಿ ಈ ಹೆಸರನ್ನು ಕೂಗಿ ಕರೆದವರಿಗೆ ಶ್ರೀರಂಗಪಟ್ಟಣವೆಂಬ ಊರೊಂದಿದೆಯೆಂದು ಗೊತ್ತಿತ್ತೋ ಇಲ್ಲವೋ.