ಪಾಮೋಲಿನ್ ಡಬ್ಬ ಮತ್ತು ಪಹಣಿ ಇಲ್ಲದ ಕಾಡು

ಹಾಸನದಲ್ಲಿ ನಮ್ಮದು ಕುರುಕಲು ತಿಂಡಿಯ ಅಂಗಡಿ. ನಿಪ್ಪಟ್ಟು, ಕೋಡುಬಳೆ, ಖಾರಾಬೂಂದಿ, ಎಲ್ಲವನ್ನೂ ಕರಿಯುವುದು ಪಾಮೋಲಿನ್‌ನಲ್ಲಿ, ಅಂದರೆ ತಾಳೆ ಎಣ್ಣೆಯಲ್ಲಿ. ಚಳಿಗಾಲದ ಬೆಳಗ್ಗೆ ಡಬ್ಬ ತೆರೆದರೆ ಎಣ್ಣೆ ಅರ್ಧ ಹೆಪ್ಪುಗಟ್ಟಿ ಸೌಟಿಗೆ ಮೆತ್ತಿಕೊಳ್ಳುತ್ತದೆ. ಆದರೆ ಬೇಗ ಕಮಟು ಹಿಡಿಯುವುದಿಲ್ಲ, ಬೆಲೆಯೂ ಕಡಿಮೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ಸಗಟು ವ್ಯಾಪಾರಿ ದಿನಕ್ಕೊಂದು ದರ ಹೇಳತೊಡಗಿದ. ಈ ಎಣ್ಣೆಯ ಹುಟ್ಟೂರಿನ ಸುದ್ದಿ ಓದುವ ಚಟ ನನಗೆ ಹತ್ತಿದ್ದು ಆಗ.

ತಾಳೆ ಗೊನೆ ಕಡಿದ ಒಂದು ದಿನದೊಳಗೆ ಗಿರಣಿ ಸೇರಬೇಕು. ತಡವಾದರೆ ಆಮ್ಲ ಏರಿ ಎಣ್ಣೆ ಕೆಡುತ್ತದೆ. ಹಾಗಾಗಿ ಗಿರಣಿ ಕಟ್ಟಿದವನಿಗೆ ಸುತ್ತಲೂ ಸಾವಿರಾರು ಹೆಕ್ಟೇರ್ ಇದೇ ಬೆಳೆ ಬೇಕು. ಸಣ್ಣ ಬೆಳೆಗಾರರಿಗೆ ಅಲ್ಲಿ ಬರವಿಲ್ಲ, ಆದರೆ ಅವರೂ ಹತ್ತಿರದ ಗಿರಣಿ ಕೂಗಿದ ಬೆಲೆಗೇ ಹಾಕಬೇಕು. ಅಷ್ಟೊಂದು ನೆಲ ಸರ್ಕಾರದ ಒಂದೇ ಸಹಿಗೆ ಸಿಗುವುದು ಕಾಡಿನಲ್ಲಿ. ಅಲ್ಲಿ ಬಾಳುವವರ ಕೈಯಲ್ಲಿ ಪಹಣಿ ಇರುವುದಿಲ್ಲವಲ್ಲ!

ಇಂಡೋನೇಷ್ಯಾದ ದಕ್ಷಿಣ ಪಾಪುವಾದ ಬೋವೆನ್ ಡಿಗುಲ್‌ನಲ್ಲಿ ಆವ್ಯು ಬುಡಕಟ್ಟಿನ ಜನರಿಗೆ ಆದದ್ದು ಇದೇ. ಅವರ ಕಾಡಿನಲ್ಲಿ ಸಾಗು ತಾಳೆಯಿದೆ. ಅದರ ಕಾಂಡದ ಹಿಟ್ಟೇ ಅವರ ಊಟ. (ನಮ್ಮ ಸಬ್ಬಕ್ಕಿ ಮರಗೆಣಸಿನದು, ಹೆಸರಷ್ಟೇ ಅದರದು.) 36,000 ಹೆಕ್ಟೇರಿಗೂ ಹೆಚ್ಚು ಕಾಡನ್ನು ತಾಳೆ ತೋಟಕ್ಕೆಂದು ಕಂಪನಿಗೆ ಕೊಟ್ಟಾಗ ಹೆಂಡ್ರಿಕುಸ್ ವೊರೊ ಎಂಬ ಆವ್ಯು ಮುಂದಾಳು ಕೋರ್ಟಿಗೆ ಹೋದರು. 2024ರ ಮೇನಲ್ಲಿ ಅವರ ಜನ ಜಕಾರ್ತಾದ ಸುಪ್ರೀಂ ಕೋರ್ಟಿನ ಎದುರು ತಮ್ಮ ಉಡುಗೆಯಲ್ಲೇ ಕುಣಿದು ಪ್ರತಿಭಟಿಸಿದರು. ಬುಡಕಟ್ಟಿನವರ ಕಾಡು ಸರ್ಕಾರದ ಕಾಡಲ್ಲ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2013ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ 2024ರ ನವೆಂಬರಿನಲ್ಲಿ ವೊರೊ ಸೋತರು. ಕಾರಣ, ದಾವೆ ಹೂಡುವ ಗಡುವು ಮೀರಿತ್ತಂತೆ. ತಲೆಮಾರುಗಳಿಂದ ಅಲ್ಲೇ ಇದ್ದವರು ತಡವಾಗಿ ಬಂದವರಾದರು!

ಎಣ್ಣೆ ಬದಲಿಸಿ ಎನ್ನುವ ಗಿರಾಕಿಗಳಿದ್ದಾರೆ. ಯಾವುದಕ್ಕೆ? ಅಷ್ಟೇ ಎಣ್ಣೆಗೆ ಸೋಯಾ ಹಲವು ಪಟ್ಟು ನೆಲ ಕೇಳುತ್ತದೆ. ಬ್ರೆಜಿಲಿನ ಸೆರಾಡೊ ಎಂಬ ಹುಲ್ಲು-ಕುರುಚಲು ಕಾಡಿನ ಬಯಲು ಈಗಾಗಲೇ ಅದರ ಬಾಯಿಗೆ ಬಿದ್ದಿದೆ. ಕಡಲೆಕಾಯಿ ಎಣ್ಣೆಯಲ್ಲಿ ಕರಿದರೆ ದರ ಕೇಳಿ ಅವರೇ ಪಕ್ಕದ ಅಂಗಡಿಗೆ ನಡೆಯುತ್ತಾರೆ. ನನ್ನ ತಕರಾರು ಎಣ್ಣೆಯ ಮೇಲಲ್ಲ, ಕೇಳದೆ ಕೊಡುವ ಆ ಸಹಿಯ ಮೇಲೆ. ಡಬ್ಬದ ಮೇಲೆ ವಿಟಮಿನ್ ಸೇರಿಸಿದ್ದನ್ನು ದೊಡ್ಡದಾಗಿ ಬರೆದಿರುತ್ತಾರೆ, ಯಾವ ತೋಟದ ಹಣ್ಣು ಎಂಬುದನ್ನು ಬರೆಯುವುದಿಲ್ಲ.

ಈಗ ನಮ್ಮ ಸರದಿ. ಕೇಂದ್ರ ಸರ್ಕಾರ 2021ರಲ್ಲಿ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಯೋಜನೆ ಪ್ರಕಟಿಸಿತು. ಅದರ ಕಣ್ಣು ಹೆಚ್ಚಾಗಿ ಈಶಾನ್ಯ ರಾಜ್ಯಗಳು ಮತ್ತು ಅಂಡಮಾನ್ ಮೇಲಿದೆ. ಈಶಾನ್ಯದ ಗುಡ್ಡಗಳಲ್ಲಿ ನೆಲ ಬಹುಪಾಲು ಊರಿನವರದು. ಅವರು ಒಪ್ಪುವವರೆಗೆ ಅಲ್ಲಿ ಒಂದು ಸಸಿಯನ್ನೂ ನೆಡಬಾರದು, ನನ್ನ ಡಬ್ಬದ ದರ ಎಷ್ಟೇ ಏರಲಿ.