ಅವನು ಕೊನೆಗೆ ಸಾಧಿಸಿದ್ದಾದರೂ ಏನು?

ಬದುಕಿನ ಐವತ್ತು ವರ್ಷಗಳನ್ನು ಚಳವಳಿಯಲ್ಲೇ ಕಳೆದ ನನ್ನ ಗೆಳೆಯನ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ಒಂದು ಚುನಾವಣೆಯನ್ನೂ ಗೆಲ್ಲದೆ, ತನ್ನದೆಂಬ ಒಂದು ಮನೆಯನ್ನೂ ಕಟ್ಟಿಕೊಳ್ಳದೆ ಹೋದ ಆ ಮನುಷ್ಯ ಕೊನೆಗೆ ಸಾಧಿಸಿದ್ದಾದರೂ ಏನು? ಕೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ಮರುಕವಿರುತ್ತದೆ. ನನಗೆ ಸಹಿಸಲಾಗದಿರುವುದು ಆ ಮರುಕವನ್ನೇ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಜಮೀನು ಸರ್ಕಾರದ ವಶವಾಗಿ, ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಅದರ ಹಕ್ಕು ಪಡೆಯಬಹುದೆಂದಾಯಿತು. ‘ಉಳುವವನೇ ಹೊಲದೊಡೆಯ’ ಎಂದು ಗೋಡೆಯ ಮೇಲೆ ಬರೆಯುವುದು ಸುಲಭವಿತ್ತು. ಆದರೆ ನಮ್ಮ ಮಲೆನಾಡಿನ ಒಕ್ಕಲುಗಳಲ್ಲಿ ಅನೇಕರಿಗೆ ಗೇಣಿಚೀಟಿಯಿರಲಿಲ್ಲ, ಪಹಣಿಯಲ್ಲಿ ಹೆಸರಿರಲಿಲ್ಲ, ಅಳೆದುಕೊಟ್ಟ ಭತ್ತಕ್ಕೆ ರಶೀದಿಯಿರಲಿಲ್ಲ. ಒಡೆಯರ ಅಂಗಳದಲ್ಲಿ ನಿಂತೇ ಅಭ್ಯಾಸವಾದವರು ಅದೇ ಒಡೆಯರ ಎದುರು, ಭೂ ನ್ಯಾಯಮಂಡಳಿಯ ಮುಂದೆ, ಗದ್ದೆ ತಮ್ಮದೆಂದು ಹೇಳಬೇಕಿತ್ತು. ವಕೀಲರು ಅಲ್ಲಿ ವಾದಿಸುವುದನ್ನು ಕಾಯ್ದೆ ಆಗ ನಿಷೇಧಿಸಿದ್ದರಿಂದ, ಹೇಳುವ ಮಾತನ್ನು ಅವರೇ ಹೇಳಬೇಕಿತ್ತು.

ಗೆಳೆಯ ಕೈಹಾಕಿದ್ದು ಆ ಕೆಲಸಕ್ಕೆ. ರಾತ್ರಿ ಶಾಲೆಯ ಜಗುಲಿಯಲ್ಲಿ ಲಾಟೀನು ಇಟ್ಟುಕೊಂಡು, ತಾನೇ ಅಧಿಕಾರಿಯಾಗಿ ಬೆಂಚಿನ ಮೇಲೆ ಕುಳಿತು ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದ. ‘ಈ ಗದ್ದೆ ಯಾರದು?’ ಎಂದರೆ ಒಬ್ಬ ವಿಧವೆ ಪ್ರತಿ ಸಲವೂ ‘ಒಡೇರದ್ದು’ ಎನ್ನುತ್ತಿದ್ದಳು. ಅವನು ಗದರಲಿಲ್ಲ. ನಾಟಿ ಮಾಡಿದವರು ಯಾರು, ಅಂಚು ಕಡಿದವರು ಯಾರು, ಗಂಡ ತೀರಿಕೊಂಡ ವರ್ಷ ಯಾವ ಎತ್ತಿನ ಜೋಡಿಯಿತ್ತು ಎಂದು ಕೇಳುತ್ತಾ ಹೋಗಿ, ಅವಳು ಹೇಳಿದ್ದನ್ನೆಲ್ಲ ಕಾರ್ಬನ್ ಹಾಳೆಯಿಟ್ಟು ಮೂರು ಪ್ರತಿ ಬರೆದುಕೊಳ್ಳುತ್ತಿದ್ದ. ನಾಲ್ಕನೆಯ ರಾತ್ರಿ ಅವಳು, ಬಹಳ ಹೊತ್ತು ಸುಮ್ಮನಿದ್ದು, ‘ನಂದು’ ಎಂದಳು. ನಾನು ಅಲ್ಲೇ ಇದ್ದೆ. ಆ ದನಿ ನನಗೆ ಇನ್ನೂ ಕೇಳಿಸುತ್ತದೆ.

ಮರುವರ್ಷ ತುರ್ತು ಪರಿಸ್ಥಿತಿ ಬಂತು, ಅದನ್ನು ವಿರೋಧಿಸಿ ಕರಪತ್ರ ಹಂಚಿದ್ದಕ್ಕೆ ಅವನು ಜೈಲು ಸೇರಿದ. ಗೇಣಿದಾರನಿಗೆ ಭೂಮಿ ಕೊಡುತ್ತಿದ್ದ ಸರ್ಕಾರವೇ ಗೇಣಿದಾರನ ಜತೆಗಾರನನ್ನು ಒಳಗೆ ಹಾಕಿತ್ತು. ಈ ವೈರುಧ್ಯ ನನ್ನನ್ನು ಕಾಡಿದಷ್ಟು ಅವನನ್ನು ಕಾಡಲಿಲ್ಲ. ಹೊರಬಂದ ವಾರದಲ್ಲೇ ಬಾಕಿ ಅರ್ಜಿಗಳ ಕಟ್ಟು ಬಿಚ್ಚಿದ.

ಅವನ ಹಟದಿಂದ ಮನೆಯವರು ನೊಂದದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಚುನಾವಣೆಯಲ್ಲಿ ಅವನು ಸೋತ ಕಾರಣವನ್ನು ಮಾತ್ರ ಜನ ಸರಿಯಾಗಿ ತಿಳಿದುಕೊಳ್ಳಬೇಕು. ಆ ಕಾಯ್ದೆಯಿಂದ ಗೇಣಿದಾರರಿಗೆ ಭೂಮಿ ಸಿಕ್ಕಿತೇ ಹೊರತು, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲೂ ದಲಿತರಿಗೆ, ಹೆಚ್ಚೇನೂ ದಕ್ಕಲಿಲ್ಲ. ಹೊಸದಾಗಿ ಹಕ್ಕು ಪಡೆದವರಲ್ಲಿ ಕೆಲವರು ಕೂಲಿ ಕೊಡುವಾಗ ಹಳೆಯ ಒಡೆಯರಂತೆಯೇ ನಡೆದುಕೊಂಡಾಗ, ಅವನು ಕೂಲಿಯವರ ಜತೆ ಅವರ ಬಾಗಿಲಿಗೆ ಹೋಗಿ ಕುಳಿತ. ಅಂದಿನಿಂದ ಒಕ್ಕಲುಗಳ ಮತವೂ ಅವನಿಗೆ ಬೀಳಲಿಲ್ಲ.

ಅವನು ತೀರಿಕೊಂಡ ಮೇಲೆ ಮನೆಯವರು ನನಗೆ ಒಂದು ಟ್ರಂಕು ಕೊಟ್ಟರು. ಅದರ ತುಂಬ ನೀಲಿ ಮಾಸಿದ ಕಾರ್ಬನ್ ಪ್ರತಿಗಳಿವೆ. ಅಂದು ಅವನ ಮುಖದ ಮೇಲೆ ಬಾಗಿಲು ಹಾಕಿಕೊಂಡ ರೈತನ ಅರ್ಜಿಯೂ ಅವನದೇ ದುಂಡು ಅಕ್ಷರದಲ್ಲಿ, ಸರ್ವೆ ನಂಬರು, ಚಕ್ಕುಬಂದಿ ಸಮೇತ, ಉಳಿದವುಗಳ ನಡುವೆ ಜೋಪಾನವಾಗಿದೆ.